ನಲ್ಲಿ ಸೋರಿದ್ದೇ ಒಳ್ಳೆಯದಾಯ್ತು

ಮಕ್ಕಳ ಪ್ರಾಜೆಕ್ಟ್ ಮಾಡಿಕೊಟ್ಟು ಮಾಡಿಕೊಟ್ಟು ಕೈಗೆಲ್ಲ ಗಮ್ ಅಂಟಿಸಿಕೊಂಡ ಅಪ್ಪ ಅಮ್ಮಂದಿರು ಯಾರಾದರೂ ಇದನ್ನು ಓದುತ್ತಿದ್ದರೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಾನೂ ನಿಮ್ಮ ಗುಂಪಿನವನೇ. ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ರಾತ್ರಿ ಹನ್ನೊಂದು ಗಂಟೆಗೆ ಕೂತು ಥರ್ಮಾಕೋಲ್ ಕೊರೆದು ಸೌರಮಂಡಲ ಮಾಡಿದ್ದೆ. ಶನಿಗೆ ತಂತಿ ಬಗ್ಗಿಸಿ ಉಂಗುರ ಬೇರೆ. ಅವಳು ಪಕ್ಕದಲ್ಲೇ ನಿದ್ದೆ ಹೋಗಿದ್ದಳು. ಮರುದಿನ ‘ವೆರಿ ಗುಡ್’ ಬಂತು. ಸತ್ಯ ಹೇಳಬೇಕೆಂದರೆ ಅದು ನನಗೆ ಬಂದ ವೆರಿ ಗುಡ್. ಶನಿಗೆ ಉಂಗುರ ಯಾಕಿದೆ ಅಂತ ಅವಳನ್ನು ಕೇಳಿದ್ದರೆ ‘ಅಪ್ಪ ಹಾಕಿದ್ರು’ ಅನ್ನುತ್ತಿದ್ದಳು.

ಇದನ್ನೂ ನಾವು ಪ್ರಾಜೆಕ್ಟ್ ಅಂತಲೇ ಕರೆಯುತ್ತೇವೆ ನೋಡಿ. ವಿಷಯ ಆರಿಸಿದ್ದು ಶಾಲೆ, ಮಾಡಿದ್ದು ಅಪ್ಪ, ಹೊತ್ತುಕೊಂಡು ಹೋಗಿದ್ದು ಮಾತ್ರ ಮಗು.

ಐದನೇ ಕ್ಲಾಸಿಗೆ ಶಾಲೆ ಬದಲಿಸಿದೆವು. ಅಲ್ಲಿ ಒಂದು ಮೂಲೆಯ ನಲ್ಲಿ ಸೋರುತ್ತಿತ್ತು. ಅದನ್ನು ಯಾರೂ ಬಳಸುತ್ತಿರಲಿಲ್ಲ, ಹಾಗಾಗಿ ಯಾರೂ ರಿಪೇರಿ ಮಾಡಿಸಿಯೂ ಇರಲಿಲ್ಲ. ‘ಇದರಲ್ಲಿ ಎಷ್ಟು ನೀರು ಹಾಳಾಗುತ್ತೆ ಮಿಸ್?’ ಅಂತ ಒಬ್ಬ ಹುಡುಗ ಕೇಳಿದನಂತೆ. ಬೇರೆ ಯಾರಾದರೂ ಆಗಿದ್ದರೆ ‘ತುಂಬಾ ಹಾಳಾಗುತ್ತೆ, ನೀರು ಉಳಿಸಬೇಕು, ಪುಸ್ತಕ ತೆಗಿ’ ಅಂದುಬಿಡುತ್ತಿದ್ದರು. ನಾನಂತೂ ಅನ್ನುತ್ತಿದ್ದೆ. ಆ ಮಿಸ್ ‘ಹೇಗೆ ಗೊತ್ತು ಮಾಡೋದು?’ ಅಂತ ಇಡೀ ಕ್ಲಾಸಿಗೆ ತಿರುಗಿ ಕೇಳಿದರಂತೆ.

ಅಲ್ಲಿಂದ ಎರಡು ವಾರ ನಮ್ಮ ಮನೆಯಲ್ಲಿ ಬೇರೆ ಮಾತೇ ಇಲ್ಲ. ಮೊದಲು ಹನಿ ಎಣಿಸಿದರು. ಸೆಕೆಂಡಿಗೆ ಸುಮಾರು ಒಂದು. ಆದರೆ ಹನಿಯಲ್ಲಿ ನೀರೆಷ್ಟು? ಅಳತೆಯ ಗೆರೆ ಇರುವ ಲೋಟ ಇಟ್ಟು ಒಂದು ಗಂಟೆ ಕಾದರು. 180 ಮಿಲಿ ಲೀಟರ್ ಬಂತು. ಅದನ್ನು 24ರಿಂದ ಗುಣಿಸಿದರೆ 4 ಲೀಟರ್ 320 ಮಿಲಿ. ಲೆಕ್ಕ ಮುಗೀತು ಅಂತ ಎಲ್ಲರೂ ಕುಣಿದಾಡುವಾಗ ಮಿಸ್ ಒಂದೇ ಪ್ರಶ್ನೆ ಹಾಕಿದ್ದಾರೆ. ‘ರಾತ್ರಿಯೂ ಅಷ್ಟೇ ಬೀಳುತ್ತಾ?’

ಸಂಜೆ ನಾಲ್ಕಕ್ಕೆ ಬಕೆಟ್ ಇಟ್ಟು ಬೆಳಿಗ್ಗೆ ಎಂಟಕ್ಕೆ ಅಳೆದರು. ಹಳೆ ಲೆಕ್ಕದ ಪ್ರಕಾರ 16 ಗಂಟೆಗೆ 2 ಲೀಟರ್ 880 ಮಿಲಿ ಇರಬೇಕಿತ್ತು. ಇದ್ದದ್ದು 3 ಲೀಟರ್ 600. ಯಾರೋ ತಪ್ಪಾಗಿ ಅಳೆದಿದ್ದಾರೆ ಅಂತ ಜಗಳ. ಮತ್ತೆ ಅಳೆದರು, ಮತ್ತೆ ಹೆಚ್ಚುಕಮ್ಮಿ ಅಷ್ಟೇ. ಕೊನೆಗೆ ಹೊಳೆದದ್ದು, ಸಂಜೆ ಟ್ಯಾಂಕ್ ತುಂಬಿಸುತ್ತಾರೆ, ರಾತ್ರಿ ಬೇರೆ ನಲ್ಲಿಗಳನ್ನು ಯಾರೂ ತಿರುಗಿಸುವುದಿಲ್ಲ, ಹಾಗಾಗಿ ನೀರಿನ ಒತ್ತಡ ಜಾಸ್ತಿ. ಒತ್ತಡ ಅನ್ನುವ ಪಾಠ ಅವರ ಪುಸ್ತಕದಲ್ಲಿ ಇನ್ನೂ ಬಂದೇ ಇರಲಿಲ್ಲ!

ನನಗೆ ಆ ಜಗಳವೇ ಮುಖ್ಯ ಅನ್ನಿಸಿದ್ದು. ಪುಸ್ತಕದ ಲೆಕ್ಕ ತಪ್ಪಾದರೆ ಮಗಳು ಕೊನೆಯ ಪುಟದ ಉತ್ತರ ನೋಡಿ ಸರಿ ಮಾಡಿಕೊಳ್ಳುತ್ತಿದ್ದಳು, ಮುಗೀತು. ಇಲ್ಲಿ ಉತ್ತರ ಯಾವ ಪುಟದಲ್ಲೂ ಇಲ್ಲ, ಮಿಸ್ ಹತ್ತಿರವೂ ಇಲ್ಲ. ತಪ್ಪಾದರೆ ಮತ್ತೆ ಬಕೆಟ್ ಇಡಬೇಕು. ಹಾಗೆ ಇಟ್ಟು ಇಟ್ಟು ಆ ಲೆಕ್ಕ ಅವರ ಸ್ವಂತದ್ದಾಯಿತು.

ಇದೆಲ್ಲ ಹೊಸ ಫ್ಯಾಷನ್ ಅಂತ ಮೂಗು ಮುರಿಯುವವರಿಗೆ ಒಂದು ವಿಷಯ. ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ ಚಿಕಾಗೋ ವಿಶ್ವವಿದ್ಯಾಲಯದಲ್ಲಿ ತಮ್ಮ ಪ್ರಯೋಗ ಶಾಲೆ ಶುರು ಮಾಡಿದ್ದು 1896ರಲ್ಲಿ. ಅಲ್ಲಿನ ಮಕ್ಕಳು ಹತ್ತಿ ಕಾಯಿ ಬಿಡಿಸಿ, ಬೀಜದಿಂದ ಎಳೆ ಬೇರೆ ಮಾಡುವ ಕೆಲಸಕ್ಕೆ ಕೂತರು. ಅರ್ಧ ಗಂಟೆ ಕಷ್ಟಪಟ್ಟರೂ ಒಂದು ಔನ್ಸ್ ಹತ್ತಿಯೂ ಸಿಗಲಿಲ್ಲ. ಔನ್ಸ್ ಅಂದರೆ 28 ಗ್ರಾಂ! ತಮ್ಮ ಹಿಂದಿನವರು ಹತ್ತಿ ಬಿಟ್ಟು ಉಣ್ಣೆ ಬಟ್ಟೆಯನ್ನೇ ಯಾಕೆ ಹಾಕುತ್ತಿದ್ದರು ಅನ್ನುವುದು ಆ ಮಕ್ಕಳಿಗೆ ನೋಯುತ್ತಿದ್ದ ಬೆರಳುಗಳಿಂದಲೇ ಗೊತ್ತಾಗಿರಬೇಕು. ಇತಿಹಾಸವನ್ನು ನಾನು ಹಾಗೆ ಒಂದು ದಿನವೂ ಕಲಿಯಲಿಲ್ಲ. ಇಸವಿಗಳನ್ನು ಬಾಯಿಪಾಠ ಮಾಡಿದೆ, ಪರೀಕ್ಷೆ ಮುಗಿದ ಸಂಜೆಗೆ ಮರೆತೆ.

ಇನ್ನು ಬಹುಮಾನದ ವಿಷಯ. ಸ್ಟಾರ್ ಕೊಡುತ್ತೇವೆ, ಸರ್ಟಿಫಿಕೇಟ್ ಕೊಡುತ್ತೇವೆ, ಆಗ ಮಕ್ಕಳು ಹುರುಪಿನಿಂದ ಕಲಿಯುತ್ತಾರೆ ಅಂತ ನಾನೂ ನಂಬಿದ್ದೆ. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಅನ್ನುವ ಮನೋವಿಜ್ಞಾನಿಗಳು ಒಂದು ನರ್ಸರಿಯಲ್ಲಿ ಮಾಡಿದ ಪ್ರಯೋಗ 1973ರಲ್ಲಿ ಪ್ರಕಟವಾಯಿತು. ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬಿಡಿಸುವುದೆಂದರೆ ಪ್ರಾಣ ಅನ್ನುವ ಮಕ್ಕಳನ್ನೇ ಆರಿಸಿ, ಕೆಲವರಿಗೆ ‘ಚಿತ್ರ ಬಿಡಿಸಿದರೆ ಸರ್ಟಿಫಿಕೇಟ್’ ಅಂತ ಮೊದಲೇ ಹೇಳಿ ಕೊಟ್ಟರು. ಒಂದೆರಡು ವಾರ ಬಿಟ್ಟು ನೋಡಿದರೆ, ಬಹುಮಾನದ ಆಸೆ ತೋರಿಸಿದ್ದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಆ ಪೆನ್ನು ಹಿಡಿಯುತ್ತಿದ್ದರು. ಮೊದಲೇ ಹೇಳದೆ, ಚಿತ್ರ ಬಿಡಿಸಿದ ಮೇಲೆ ಸರ್ಟಿಫಿಕೇಟ್ ಕೊಟ್ಟ ಮಕ್ಕಳಲ್ಲಿ ಆಸಕ್ತಿ ಇಳಿದಿರಲಿಲ್ಲ. ನನ್ನ ಥರ್ಮಾಕೋಲ್ ಶನಿ ನೆನಪಾಗಿ ಸ್ವಲ್ಪ ನಾಚಿಕೆಯಾಯಿತು.

ಹಾಗಂತ ಮಕ್ಕಳನ್ನು ಸುಮ್ನೆ ಬಿಟ್ಟರೆ ಎಲ್ಲವನ್ನೂ ಅವರೇ ಕಂಡುಹಿಡಿಯುತ್ತಾರೆ ಅನ್ನುವವರ ಜೊತೆ ನಾನಿಲ್ಲ. 2006ರಲ್ಲಿ ಕಿರ್ಷ್ನರ್, ಸ್ವೆಲ್ಲರ್, ಕ್ಲಾರ್ಕ್ ಅನ್ನುವ ಮೂವರು ಶಿಕ್ಷಣ ಸಂಶೋಧಕರು ಇದರ ವಿರುದ್ಧ ಕಟುವಾಗಿಯೇ ಬರೆದರು. ಹೊಸದಾಗಿ ಕಲಿಯುವವರಿಗೆ ಸರಿಯಾಗಿ ದಾರಿ ತೋರಿಸದೆ ಬಿಟ್ಟರೆ ತಲೆಗೆ ಭಾರ ಜಾಸ್ತಿಯಾಗಿ ಕಲಿಕೆಯೇ ಆಗುವುದಿಲ್ಲ ಅನ್ನುವುದು ಅವರ ವಾದ. ಅದರಲ್ಲಿ ಹುರುಳಿದೆ. ಗುಣಾಕಾರವೇ ಬಾರದ ಮಗುವಿಗೆ ಬಕೆಟ್ ಕೊಟ್ಟು ಏನು ಮಾಡುವುದು? ಸ್ವತಃ ಡ್ಯೂಯಿ ಅವರೇ 1938ರಲ್ಲಿ, ಹೊಸ ಶಿಕ್ಷಣದ ಹೆಸರು ಹೇಳಿಕೊಂಡು ಗೊತ್ತುಗುರಿಯಿಲ್ಲದೆ ನಡೆಯುವ ಶಾಲೆಗಳನ್ನು ಟೀಕಿಸಿದ್ದರು.

ನಮ್ಮ ಮಿಸ್ ಸುಮ್ಮನೆ ಕೂತಿರಲಿಲ್ಲ. ಮಿಲಿ ಲೀಟರನ್ನು ಲೀಟರ್ ಮಾಡುವುದು ಕೆಲವರಿಗೆ ಬರುತ್ತಿರಲಿಲ್ಲ, ಅವರನ್ನು ಒಂದು ಪಿರಿಯಡ್ ಪೂರ್ತಿ ಬೋರ್ಡಿನ ಮುಂದೆ ಕೂರಿಸಿ ಹಳೇ ಪದ್ಧತಿಯಲ್ಲೇ ಕಲಿಸಿದರು. ಒಬ್ಬರೂ ಆಕಳಿಸಲಿಲ್ಲವಂತೆ, ಅವತ್ತು ಮಧ್ಯಾಹ್ನವೇ ಅದು ಬೇಕಾಗಿತ್ತಲ್ಲ. ಯಾರು ಅಳೆಯುತ್ತಾರೆ, ಯಾರು ಸುಮ್ಮನೆ ನೋಡುತ್ತಾ ನಿಲ್ಲುತ್ತಾರೆ ಅಂತ ಬರೆದಿಟ್ಟುಕೊಂಡು ಮೂಲೆಯ ಮಕ್ಕಳ ಕೈಗೆ ಲೋಟ ಬರುವ ಹಾಗೆ ನೋಡಿಕೊಂಡರು. ಇಂಥ ಕ್ಲಾಸು ನಡೆಸುವುದು ಪಾಠ ಓದಿ ಹೇಳುವುದಕ್ಕಿಂತ ಎರಡರಷ್ಟು ಕೆಲಸ. ಒಂದು ಕ್ಲಾಸಿಗೆ ಅರವತ್ತು ಮಕ್ಕಳನ್ನು ತುಂಬಿ, ಸಿಲಬಸ್ ಮುಗಿಸಲು ತಾರೀಖು ಕೊಟ್ಟು, ಮೇಲಿಂದ ‘ಪ್ರಾಜೆಕ್ಟೂ ಮಾಡಿಸಿ’ ಅನ್ನುವುದು ಟೀಚರುಗಳಿಗೆ ಮಾಡುವ ಅನ್ಯಾಯ. ಆಗಲೇ ಅದು ರಾತ್ರಿ ಹನ್ನೊಂದಕ್ಕೆ ಅಪ್ಪಂದಿರ ತಲೆಗೆ ಬರುವುದು.

‘ಮಾರ್ಕ್ಸ್ ಕಥೆ ಏನು?’ ಅಂತ ಕೇಳುತ್ತೀರಿ, ಗೊತ್ತು. ನನ್ನ ಮಗಳ ಮಾರ್ಕ್ಸ್ ಮೊದಲಿನಷ್ಟೇ ಇದೆ. ಏರಿಲ್ಲ, ಇಳಿದೂ ಇಲ್ಲ. ಬದಲಾಗಿರುವುದು ಬೇರೆ. ಮೊದಲು ‘ಇದು ಪರೀಕ್ಷೆಗೆ ಬರುತ್ತಾ?’ ಅಂತ ಕೇಳುತ್ತಿದ್ದವಳು ಈಗ ‘ಅದು ಹೇಗೆ ಗೊತ್ತು ನಿಮಗೆ?’ ಅಂತ ನನ್ನನ್ನೇ ಹಿಡಿದು ನಿಲ್ಲಿಸುತ್ತಾಳೆ. ಕೆಲವೊಮ್ಮೆ ಕಿರಿಕಿರಿ ಆಗುತ್ತೆ, ಸುಳ್ಳು ಯಾಕೆ ಹೇಳಲಿ.

ಕೊನೆಗೆ ಮಕ್ಕಳೆಲ್ಲ ಸೇರಿ ಹೆಡ್‌ಮಾಸ್ಟರಿಗೆ ಪತ್ರ ಬರೆದರು. ಹಗಲಿನ 8 ಗಂಟೆ, ರಾತ್ರಿಯ 16 ಗಂಟೆ ಸೇರಿ ದಿನಕ್ಕೆ 5 ಲೀಟರ್ 40 ಮಿಲಿ, ತಿಂಗಳಿಗೆ ಸುಮಾರು 151 ಲೀಟರ್, ದಯವಿಟ್ಟು ರಿಪೇರಿ ಮಾಡಿಸಿ. ಮರುದಿನವೇ ಪ್ಲಂಬರ್ ಬಂದು ವಾಷರ್ ಬದಲಿಸಿ ಹೋದರು. ಅವತ್ತು ಸಂಜೆ ಮಗಳು ಮುಖ ಊದಿಸಿಕೊಂಡು ಬಂದಳು. ‘ನೀವೇ ತಾನೇ ರಿಪೇರಿ ಮಾಡಿಸಿ ಅಂದಿದ್ದು?’ ಅಂದೆ.

‘ಹೌದಪ್ಪಾ, ಆದ್ರೆ ಟ್ಯಾಂಕ್ ಖಾಲಿ ಇದ್ದಾಗ ಎಷ್ಟು ಬೀಳುತ್ತೆ ಅಂತ ನೋಡೋದು ಇನ್ನೂ ಬಾಕಿ ಇತ್ತು.’