ಎದ್ದು ಹೋದವರಿಗೆ ಕಾಯುವ ಆಟ

ಪ್ರತಿ ತಿಂಗಳು 20ನೇ ತಾರೀಖು ದಾಟಿದ ಮೇಲೆ ನನಗೆ ಒಂದಷ್ಟು ರಾತ್ರಿಗಳು ಸಿಗುತ್ತವೆ. ಲೆಕ್ಕಪತ್ರದ ಕೆಲಸದಲ್ಲಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ ಅನ್ನೋ ತೆರಿಗೆ ರಿಟರ್ನ್, ನಡುವೆ ಪಾರ್ಟಿಗಳಿಗೆ ಫೋನ್ ಮಾಡಿ ಮಾಡಿ ಬಿಲ್ಲು ತರಿಸಿಕೊಳ್ಳೋದು. ಮಾರ್ಚ್ ಬಂದರೆ ಕೇಳಲೇಬೇಡಿ. ಅಂಥ ತಿಂಗಳಲ್ಲಿ ಉಳಿದ ರಾತ್ರಿಗಳಲ್ಲೂ ಮಗಳನ್ನು ಮಲಗಿಸಿ, ಅತ್ತೆಗೆ ಬಿಪಿ ಮಾತ್ರೆ ಕೊಟ್ಟು, ನಾಳೆಯ ಡಬ್ಬಿಗೆ ತರಕಾರಿ ಹೆಚ್ಚಿಟ್ಟು ಕೂರುವ ಹೊತ್ತಿಗೆ ಹತ್ತೂಮುಕ್ಕಾಲು. ಹನ್ನೆರಡಕ್ಕೆ ಮಲಗಲೇಬೇಕು. ಉಳಿಯೋದು ಒಂದೂಕಾಲು ಗಂಟೆ. ಆ ಒಂದೂಕಾಲು ಗಂಟೆ ನಾನು ವಿಡಿಯೋ ಗೇಮ್ ಆಡ್ತೀನಿ. ಹತ್ತು ವರ್ಷಕ್ಕೂ ಮೇಲಾಯ್ತು. ಆಟದ ಬಗ್ಗೆ ನನ್ನಂಥವರಿಗೆ ಬೇಕಾದ ಮಾತು ಯಾರೂ ಆಡ್ತಿಲ್ಲ ಅನ್ನಿಸಿ ಇವತ್ತು ಬರೀತಿದ್ದೀನಿ.

ಹೊಸ ಆಟ ಬಂದಾಗ ನಾನೂ ವಿಮರ್ಶೆ ಓದ್ತೀನಿ, ನೋಡ್ತೀನಿ. ಚೆನ್ನಾಗಿ ಬರೆಯುವವರಿದ್ದಾರೆ. ಆದರೆ ಅವರು ಆಡೋದು ಒಂದೇ ಪಟ್ಟಿಗೆ. ಆಟ ಮಾರುಕಟ್ಟೆಗೆ ಬರೋ ಮುಂಚೆ ಐವತ್ತು ಗಂಟೆಯ ಕಥೆಯನ್ನು ಒಂದೇ ವಾರದಲ್ಲಿ ಮುಗಿಸಿ ಬರೀತಾರೆ, ಅದು ಅವರ ಕೆಲಸ. ಅದೇ ಐವತ್ತು ಗಂಟೆ ನನ್ನ ಕೈಯಲ್ಲಿ ಐದು ತಿಂಗಳಾಗುತ್ತೆ. ಯುಗಾದಿಗೆ ಶುರು ಮಾಡಿದ್ದು ಗಣೇಶನ ಹಬ್ಬಕ್ಕೆ ಮುಗಿಯುತ್ತೆ. ನಡುವೆ ಮಗಳ ಜ್ವರ, ಊರಿನ ಮದುವೆ, ಆಡಿಟರ್ ಬಂದ ವಾರ. ಅವರು ಆಡಿದ ಆಟ, ನಾನು ಆಡೋ ಆಟ ಹೆಸರಿಗೆ ಒಂದೇ. ಚಿತ್ರ ಹೇಗಿದೆ, ಕಥೆ ಹೇಗಿದೆ, ಹೊಡೆದಾಟ ಹೇಗಿದೆ ಅಂತ ಅಂಕ ಕೊಡ್ತಾರೆ. ನಡುವೆ ಎದ್ದು ಹೋಗಬಹುದಾ, ಇಪ್ಪತ್ತು ದಿನ ಬಿಟ್ಟು ಬಂದರೆ ಈ ಆಟ ನನ್ನ ಕೈ ಹಿಡಿದು ಒಳಗೆ ಕರ್ಕೊಳ್ಳುತ್ತಾ ಅನ್ನೋದಕ್ಕೆ ಅಂಕ ಕೊಟ್ಟವರನ್ನು ನಾನಂತೂ ನೋಡಿಲ್ಲ.

ಹೋದ ವರ್ಷದ ಒಂದು ರಾತ್ರಿಯ ಮಾತು. ಆಟದ ಹೆಸರು ಬೇಡ. ಎಲ್ಲೆಂದರಲ್ಲಿ ಸೇವ್ ಮಾಡೋಕೆ, ಅಂದರೆ ಆಡಿದಷ್ಟನ್ನು ಉಳಿಸಿಡೋಕೆ ಬಿಡದ ಆಟ, ಒಂದು ಸೇವ್ ಜಾಗದಿಂದ ಇನ್ನೊಂದಕ್ಕೆ ನಲವತ್ತೈದು ನಿಮಿಷದ ದಾರಿ. ಮುಕ್ಕಾಲು ಪಾಲು ದಾಟಿದ್ದೆ. ಒಳಕೋಣೆಯಿಂದ ಅತ್ತೆ, 'ಒಂಚೂರು ಬಾರಮ್ಮಾ' ಅಂದರು. ಮೀನಖಂಡ ಹಿಡ್ಕೊಂಡಿತ್ತು. ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಂದು ಕಾಲು ನೀವುತ್ತಾ ಕೂತೆ. ಹಿಡಿದಿದ್ದ ನರ ಸಡಿಲವಾಗೋಕೆ ಇಪ್ಪತ್ತು ನಿಮಿಷ ಬೇಕಾಯ್ತು. ಅವರು ಕಣ್ಣು ಮುಚ್ಚಿ ಉಸಿರು ಬಿಡ್ತಾ ಇದ್ದರೆ, ನನ್ನ ಅರ್ಧ ಮನಸ್ಸು ಆಚೆ ಕೋಣೆಯ ಪರದೆ ಮೇಲಿತ್ತು. ವಾಪಸ್ ಬಂದರೆ ಎಲ್ಲ ಮುಗಿದು ಹೋಗಿ, ಮತ್ತೆ ಹಿಂದಿನ ಸೇವ್ ಜಾಗದಲ್ಲಿ ನಿಲ್ಲಿಸಿತ್ತು. ಹೋದ ಅರ್ಧ ಗಂಟೆಗೆ ಬೇಜಾರಾಯ್ತು ನಿಜ. ಆದರೆ ಅವರ ಕಾಲು ನೀವುತ್ತಿದ್ದಾಗ ನಾನು ಪೂರ್ತಿ ಅಲ್ಲಿರಲಿಲ್ಲವಲ್ಲ, ಅದು ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತೆ. ಮನೆಯವರಿಗೂ ಆಟಕ್ಕೂ ನಡುವೆ ನನ್ನನ್ನು ಎಳೆದಾಡಿಸುವ ಆಟ ನನಗೆ ಬೇಡ ಅಂತ ಆವತ್ತೇ ತೀರ್ಮಾನ ಮಾಡಿದೆ.

ಸೇವ್ ಇಲ್ಲದ ಆಟ ನಮಗೆ ಹೊಸದೇನಲ್ಲ. ಚಿಕ್ಕವಳಿದ್ದಾಗ ಅರಸೀಕೆರೆಯಲ್ಲಿ ನಮ್ಮ ಮನೆಗೆ ಟಿವಿಗೆ ಸಿಕ್ಕಿಸುವ ಕ್ಯಾಸೆಟ್ ವಿಡಿಯೋ ಗೇಮ್ ಬಂತು. ಬೇಸಿಗೆ ರಜೆ ಪೂರ್ತಿ ಮಾರಿಯೋ. ಅಣ್ಣನ ಮಾರಿಯೋ ಸತ್ತರೆ ನನ್ನ ಲುಯಿಜಿ ಸರದಿ. ಎಂಟು ಲೋಕ, ಒಂದೊಂದರಲ್ಲಿ ನಾಲ್ಕು ಹಂತ, ಒಟ್ಟು 32. ಸೇವ್ ಅನ್ನೋದೇ ಇಲ್ಲ. ಕರೆಂಟ್ ಹೋದರೆ ಮತ್ತೆ ಮೊದಲಿಂದ, ಬೇಸಿಗೆಯಲ್ಲಿ ಕರೆಂಟ್ ಹೋಗದ ದಿನ ಯಾವುದಿತ್ತು? ಊಟಕ್ಕೆ ಕರೆದರೆ ಅಣ್ಣ ಸ್ಟಾರ್ಟ್ ಬಟನ್ ಒತ್ತಿ ಆಟ ನಿಲ್ಲಿಸಿ, ಟಿವಿ ಮಾತ್ರ ಆರಿಸಿ, ಅಡಾಪ್ಟರ್ ಹಾಗೇ ಬಿಡ್ತಿದ್ದ. ಒಂದು ದಿನ ಏಳನೇ ಲೋಕದಲ್ಲಿ ಹಾಗೆ ಬಿಟ್ಟು ಸಂಜೆವರೆಗೂ ಕಾದ್ವಿ. ನಡುನಡುವೆ ಹೋಗಿ ಅಡಾಪ್ಟರ್ ಮುಟ್ಟಿ ನೋಡೋದು, ಬೆಚ್ಚಗಿದ್ದರೆ ಸಮಾಧಾನ, ಮಾರಿಯೋ ಇನ್ನೂ ಅಲ್ಲೇ ಇದ್ದಾನೆ ಅಂತ. ಸಂಜೆ ಅಮ್ಮ ಕಸ ಗುಡಿಸುವಾಗ ಪ್ಲಗ್ ಕಿತ್ತಿಟ್ಟಿದ್ದರು.

ಇದನ್ನು ಯಾಕೆ ಹೇಳಿದೆ ಅಂದರೆ, ಮಾರಿಯೋ ಬಂದಿದ್ದು 1985ರಲ್ಲಿ. ಅಷ್ಟು ಹಳೇ ಆಟದಲ್ಲೂ ಒಂದು ಬಟನ್ ಒತ್ತಿದರೆ ಎಲ್ಲ ನಿಲ್ಲುತ್ತಿತ್ತು. 2022ರ ಎಲ್ಡನ್ ರಿಂಗ್ ಅನ್ನೋ ಆಟದಲ್ಲಿ ಹಾಗೆ ನಿಲ್ಲಿಸಿಡುವ ಪಾಸ್ ಬಟನ್ ಇಲ್ಲ. ಮೆನು ತೆರೆದರೂ ಹಿಂದೆ ಲೋಕ ಓಡ್ತಾನೇ ಇರುತ್ತೆ. ಬೇರೆಯವರು ಆನ್‌ಲೈನ್‌ನಲ್ಲಿ ನಮ್ಮ ಲೋಕಕ್ಕೆ ಬರಬಹುದು, ಹಾಗಾಗಿ ನಿಲ್ಲಿಸೋಕಾಗಲ್ಲ ಅನ್ನುವ ವಾದ ಇದೆ, ಒಪ್ಪೋಣ. ಆದರೆ ನೆಟ್ ಕಿತ್ತು ಒಬ್ಬರೇ ಆಡಿದರೂ ಆ ಬಟನ್ ಸಿಗಲ್ಲ. ನಿಂತರೆ ಆ ಭಯ, ಆ ಬಿಗಿ ಹೋಗುತ್ತೆ ಅಂತ ವಾದಿಸುವವರಿಗೆ ಎಲ್ಡನ್ ರಿಂಗ್ ಮಾಡಿದ ಅದೇ ಫ್ರಮ್‌ಸಾಫ್ಟ್‌ವೇರ್ ಕಂಪನಿ 2019ರಲ್ಲಿ ಮಾಡಿದ ಸೆಕಿರೋ ತೋರಿಸ್ತೀನಿ. ಅದರಲ್ಲಿ ಪಾಸ್ ಇದೆ. ಸೆಕಿರೋ ಸುಲಭ ಅಂದವರನ್ನು ಇದುವರೆಗೆ ನಾನು ಕಂಡಿಲ್ಲ, ಆ ವರ್ಷದ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟ ಅಂತ ಗೆದ್ದಿದ್ದೂ ಅದೇ. ಬೆವರಿಳಿಸುವ ಕಾದಾಟದ ನಡುವೆ ಮಗು ಅತ್ತರೆ ಎದ್ದು ಹೋಗೋಕೆ ಬಿಟ್ಟ ಮಾತ್ರಕ್ಕೆ ಅದರ ಗತ್ತು ಎಲ್ಲೂ ಕಡಿಮೆಯಾಗಿಲ್ಲ. ಎಲ್ಡನ್ ರಿಂಗ್‌ನ ಪರವಾಗಿ ಒಂದು ಮಾತು ಹೇಳಬೇಕು. ಕಾದಾಟ ಇಲ್ಲದ ಹೊತ್ತಲ್ಲಿ ಆಟದಿಂದ ಹೊರಗೆ ಬಂದರೆ ನಾಳೆ ಬಿಟ್ಟ ಜಾಗದಲ್ಲೇ ನಿಲ್ಲಿಸುತ್ತೆ. ಆ ಬಯಲು, ಆ ಬಂಗಾರದ ಮರ, ಅಂಥ ಲೋಕ ಕಟ್ಟಿದವರ ಮೇಲೆ ನನಗೆ ತುಂಬು ಗೌರವ ಇದೆ. ಒಂದು ಬಟನ್ ಸೇರಿಸಿ ಅಂತಷ್ಟೇ ಕೇಳ್ತಿರೋದು.

ಹೇಡೀಸ್ ವಿಷಯಕ್ಕೆ ಬಂದರೆ ನನಗೆ ಮಾತು ಮುಗಿಯಲ್ಲ. ಸೂಪರ್‌ಜೈಂಟ್ ಕಂಪನಿಯವರು 2020ರಲ್ಲಿ ಪೂರ್ತಿ ಮಾಡಿ ಬಿಟ್ಟ ಆಟ. ಗ್ರೀಕರ ಪಾತಾಳದ ದೊರೆಯ ಮಗ ಜಾಗ್ರಿಯಸ್ ಅಪ್ಪನ ಮನೆ ಬಿಟ್ಟು ಓಡಿ ಹೋಗೋಕೆ ನೋಡ್ತಾನೆ, ಸಾಯ್ತಾನೆ, ಮತ್ತೆ ಅಪ್ಪನ ಅಂಗಳದಲ್ಲೇ ಏಳ್ತಾನೆ. ಒಂದು ಪ್ರಯತ್ನಕ್ಕೆ ಅರ್ಧ ಗಂಟೆ ಆಸುಪಾಸು. ಸತ್ತು ಬಂದಾಗಲೆಲ್ಲ ಮನೆಯಲ್ಲಿ ಯಾರೋ ಒಬ್ಬರು ಹೊಸ ಮಾತಾಡ್ತಾರೆ, ಹಾಗಾಗಿ ಸೋತ ರಾತ್ರಿಯಲ್ಲೂ ಕಥೆ ಒಂದು ಹೆಜ್ಜೆ ಮುಂದೆ ಹೋಗಿರುತ್ತೆ. ನಡುವೆ ಬಿಟ್ಟು ಹೋದರೆ ಆ ಕೋಣೆಯ ಬಾಗಿಲಿಂದ ಮತ್ತೆ ಶುರು. ಅದರಲ್ಲಿ ಗಾಡ್ ಮೋಡ್ ಅಂತ ಒಂದಿದೆ. ಅದನ್ನು ಹಾಕಿಕೊಂಡರೆ ಬೀಳೋ ಏಟು ಮೊದಲಿಗೆ ಶೇ. 20ರಷ್ಟು ಕಡಿಮೆ, ಆಮೇಲೆ ಸತ್ತಾಗಲೆಲ್ಲ ಇನ್ನೂ ಶೇ. 2, ಶೇ. 80ರವರೆಗೆ. ನಾನು ಹಾಕಿಕೊಂಡೇ ಆಡಿದೆ. ವಾರಕ್ಕೆ ಮೂರು ರಾತ್ರಿ ಆಡುವವಳ ಬೆರಳಿಗೆ ದಿನಾ ಆರು ಗಂಟೆ ಆಡುವ ಹುಡುಗರ ಪಳಗು ಬರೋಕೆ ಸಾಧ್ಯವಿಲ್ಲ. ಕಥೆಯ ಕೊನೆ ನೋಡುವ ಹಕ್ಕು ಮಾತ್ರ ಇಬ್ಬರಿಗೂ ಒಂದೇ.

ಇನ್ನು ಬಿಟ್ಟು ಬಂದವರ ಕಷ್ಟ. ಮೂರು ವಾರ ಕಳೆದು ಆಟ ತೆರೆದರೆ ಯಾವ ಬಟನ್ ಯಾವುದಕ್ಕೆ ಅನ್ನೋದೇ ಮರೆತಿರುತ್ತೆ. ಕಾಡಿನ ನಡುವೆ ನಿಂತಿದ್ದೀನಿ, ಕೈಯಲ್ಲಿ ಯಾರದೋ ಪತ್ರ ಇದೆ, ಯಾರಿಗೆ ಕೊಡಬೇಕು ಗೊತ್ತಿಲ್ಲ. ಒಳ್ಳೊಳ್ಳೆ ಆಟಗಳನ್ನು ನಾನು ಕೈಬಿಟ್ಟಿದ್ದು ಹೀಗೇ, ಬೇಸರ ಬಂದು ಬಿಟ್ಟಿದ್ದು ಕಡಿಮೆ. 2015ರ ವಿಚರ್ 3 ಈ ವಿಷಯದಲ್ಲಿ ನನ್ನ ಮನಸ್ಸು ಗೆದ್ದಿತು. ಆಟ ತೆರೆದುಕೊಳ್ಳುವಾಗ ಡ್ಯಾಂಡೆಲಿಯನ್ ಅನ್ನೋ ಕವಿ ಚಿತ್ರಗಳ ಜೊತೆ, ನಾಯಕ ಗೆರಾಲ್ಟ್ ಯಾರನ್ನು ಹುಡುಕ್ತಾ ಇದ್ದ, ಕಥೆ ಎಲ್ಲಿಗೆ ಬಂದಿತ್ತು ಅಂತ ಹೇಳ್ತಾನೆ. ನಮ್ಮೂರ ದೇವಸ್ಥಾನದಲ್ಲಿ ಶ್ರಾವಣದಲ್ಲಿ ಪುರಾಣ ಹೇಳುತ್ತಿದ್ದ ಶಾಸ್ತ್ರಿಗಳು ದಿನಾ ಹೀಗೇ ಶುರು ಮಾಡ್ತಿದ್ದರು, 'ನಿನ್ನೆ ಎಲ್ಲಿಗೆ ನಿಲ್ಲಿಸಿದ್ವಿ?' ಅಂತ. ನಿನ್ನೆ ಬರದವರೂ ಕೂತು ಕೇಳಬೇಕಲ್ಲ. ಇಷ್ಟು ಸಣ್ಣ ಉಪಕಾರವನ್ನು ಎಲ್ಲ ದೊಡ್ಡ ಆಟಗಳೂ ಯಾಕೆ ಮಾಡಲ್ಲವೋ ನನಗೆ ತಿಳಿಯದು.

ಹೀಗೆ ನೆನಪಿಸಿ ಕೊಡೋದನ್ನೇ ಆಟದ ಜೀವ ಮಾಡಿಕೊಂಡಿದ್ದು 2019ರ ಔಟರ್ ವೈಲ್ಡ್ಸ್. ಪುಟ್ಟದೊಂದು ಸೌರಮಂಡಲ, ಮರದ ಹಲಗೆ ಜೋಡಿಸಿದಂತಿರುವ ನಮ್ಮ ಹಡಗು, ಕೈಯಲ್ಲಿ 22 ನಿಮಿಷ. ಆಮೇಲೆ ಎಲ್ಲ ಮೊದಲಿಗೆ ವಾಪಸ್. ಅಲ್ಲಿ ಆಯುಧ ಕೂಡಿಡೋದು, ಬಲ ಹೆಚ್ಚಿಸಿಕೊಳ್ಳೋದು ಯಾವುದೂ ಇಲ್ಲ. ಉಳಿಯೋದು ತಿಳಿದುಕೊಂಡದ್ದು ಮಾತ್ರ. ಅದೆಲ್ಲ ಹಡಗಿನ ದಾಖಲೆಯಲ್ಲಿ ದಾರ ಕಟ್ಟಿದ ಚೀಟಿಗಳ ಹಾಗೆ ಕೂತಿರುತ್ತೆ: ಇಲ್ಲಿ ಇಂಥದ್ದು ಕಂಡೆ, ಇದಕ್ಕೂ ಅದಕ್ಕೂ ಸಂಬಂಧ ಇದೆ, ಇಲ್ಲಿ ನೋಡೋದು ಇನ್ನೂ ಬಾಕಿ ಇದೆ. ಸೆಪ್ಟೆಂಬರಿನ ಟ್ಯಾಕ್ಸ್ ಆಡಿಟ್ ಗಲಾಟೆ ಮುಗಿಸಿ ಐದು ವಾರದ ಮೇಲೆ ಅದನ್ನು ತೆರೆದೆ. ದಾಖಲೆ ಓದಿದೆ, ಐದೇ ನಿಮಿಷದಲ್ಲಿ ಎಲ್ಲ ನೆನಪಾಯ್ತು. ಹಳೇ ಗೋಡೆಬರಹ ಓದುವಾಗ ಕಾಲವನ್ನೇ ನಿಲ್ಲಿಸುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ. ನನ್ನ ಹಾಗೆ ಇಂಗ್ಲಿಷನ್ನು ನಿಧಾನವಾಗಿ, ಎರಡೆರಡು ಸಲ ಓದಿಕೊಳ್ಳುವವರಿಗೆ ಅದು ಎಷ್ಟು ದೊಡ್ಡ ಸಮಾಧಾನ ಗೊತ್ತಾ? ಅದರ ಕೊನೆ ಇಲ್ಲಿ ಹೇಳಲ್ಲ. ಮುಗಿದ ರಾತ್ರಿ ಬಾಲ್ಕನಿಗೆ ಹೋಗಿ ಸ್ವಲ್ಪ ಹೊತ್ತು ಆಕಾಶ ನೋಡ್ತಾ ನಿಂತಿದ್ದೆ. ಮನೆಯವರು ನಿದ್ದೆಗಣ್ಣಲ್ಲಿ ಬಂದು, 'ಏನಾಯ್ತೇ?' ಅಂದರು. ಹೇಳೋಕೆ ಬರಲಿಲ್ಲ.

ಉದ್ದದ ಬಗ್ಗೆಯೂ ಒಂದು ಮಾತು. 'ನೂರು ಗಂಟೆಯ ಆಟ' ಅಂತ ಜಾಹೀರಾತು ಮಾಡ್ತಾರೆ. ಆಫೀಸಿನ ಚಿಕ್ಕ ಹುಡುಗರು ಕೊಟ್ಟ ದುಡ್ಡನ್ನು ಗಂಟೆಗೆ ಭಾಗಿಸಿ, ಗಂಟೆಗೆ ಇಪ್ಪತ್ತೇ ರೂಪಾಯಿ ಬಿತ್ತು, ಲಾಭ ಅಂತಾರೆ. ನಾನೂ ಅವರ ವಯಸ್ಸಲ್ಲಿ ಹಾಗೇ ಎಣಿಸುತ್ತಿದ್ದೆ. ಈಗ ನನ್ನ ಪುಸ್ತಕದಲ್ಲಿ ಗಂಟೆ ಬರೆಯೋದು ಖರ್ಚಿನ ಬದಿಗೆ. ಎ ಶಾರ್ಟ್ ಹೈಕ್ ಅಂತ 2019ರ ಒಂದು ಆಟ. ಕ್ಲೇರ್ ಅನ್ನೋ ಪುಟ್ಟ ಹಕ್ಕಿ ಒಂದು ಮುಖ್ಯವಾದ ಫೋನಿಗೆ ಕಾಯ್ತಿರುತ್ತೆ. ಕೆಳಗೆ ಸಿಗ್ನಲ್ ಇಲ್ಲ, ಹಾಗಾಗಿ ಬೆಟ್ಟ ಹತ್ತಬೇಕು. ಇಷ್ಟೇ. ದಾರಿಯಲ್ಲಿ ಮೀನು ಹಿಡಿಯೋರು, ಓಟದವರು, ಕಳೆದ ವಸ್ತು ಹುಡುಕೋರು. ಎರಡು ರಾತ್ರಿಯಲ್ಲಿ ಮುಗಿಯಿತು, ಮೇಲೆ ಹತ್ತಿ ನಿಂತಾಗಿನ ಆ ಗಾಳಿ ಇವತ್ತಿಗೂ ನೆನಪಿದೆ. ಅರವತ್ತು ಗಂಟೆ ಕೊಟ್ಟು ಆಡಿದ ಎಷ್ಟೋ ಆಟಗಳ ಹೆಸರೇ ಮರೆತಿದೆ.

ಮೆಟ್ರೋದಲ್ಲಿ ಆಡೋಕೆ ಯಾವುದು ಅಂತ ಕೇಳ್ತಾರೆ. ಬಲಾಟ್ರೋ. 2024ರಲ್ಲಿ ಫೋನಿಗೂ ಬಂತು. ಇಸ್ಪೀಟಿನ ಎಲೆ, ಪೋಕರ್ ಲೆಕ್ಕ, ದುಡ್ಡು ಕಟ್ಟಿ ಆಡುವ ಮಾತೇ ಇಲ್ಲ. ವಿಜಯನಗರದಲ್ಲಿ ಶುರು ಮಾಡಿ ಇಂದಿರಾನಗರ ಬಂದಾಗ ಫೋನ್ ಜೇಬಿಗಿಟ್ಟರೆ, ಸಂಜೆ ಅದೇ ಕೈಯ ಎಲೆಗಳು ಹಾಗೇ ಇರುತ್ತವೆ.

ನಾನು ದೂರ ಇಡೋದು ದಿನಾ ಹಾಜರಿ ಕೇಳುವ ಆಟಗಳನ್ನು. ಇವತ್ತು ಬಂದರೆ ಉಡುಗೊರೆ, ನಾಳೆ ತಪ್ಪಿದರೆ ಲೆಕ್ಕ ಮತ್ತೆ ಒಂದರಿಂದ, ಈ ತಿಂಗಳೊಳಗೆ ಮುಗಿಸದಿದ್ದರೆ ಮತ್ತೆ ಸಿಗಲ್ಲ. ಗಡುವು, ದಂಡ, ಬಡ್ಡಿ ಇವೆಲ್ಲ ನನಗೆ ಹಗಲಿಡೀ ಇದ್ದದ್ದೇ. ರಾತ್ರಿ ಹತ್ತೂಮುಕ್ಕಾಲಕ್ಕೆ ಇನ್ನೊಬ್ಬರ ಗಡುವಿಗೆ ತಲೆ ಕೊಡೋಕೆ ನನ್ನಿಂದ ಆಗಲ್ಲ. ಹಣದ ಆಸೆ ತೋರಿಸೋ ಆಟಗಳ ಸುದ್ದಿ ಇಲ್ಲಿ ಬೇಡವೇ ಬೇಡ.

ಇಷ್ಟೆಲ್ಲ ಹೇಳಿ ಸ್ಟಾರ್‌ಡ್ಯೂ ವ್ಯಾಲಿ ಬಿಟ್ಟರೆ ತಪ್ಪಾಗುತ್ತೆ. ಎರಿಕ್ ಬರೋನ್ ಅನ್ನುವ ಒಬ್ಬರೇ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕೂತು, ನಡುವೆ ಸಿಯಾಟಲ್‌ನ ರಂಗಮಂದಿರವೊಂದರಲ್ಲಿ ಜನರಿಗೆ ಸೀಟು ತೋರಿಸುವ ಕೆಲಸ ಮಾಡ್ತಾ, 2016ರಲ್ಲಿ ಹೊರತಂದ ಆಟ. ಕೆಲಸ ಮುಗಿಸಿ ಮನೆಗೆ ಬಂದು ಮತ್ತೆ ಕೂತವರ ಕೈಯದು. ಬಹುಶಃ ಅದಕ್ಕೇ ಅದರ ಶುರುವಿನ ಒಂದು ದೃಶ್ಯ ನನ್ನನ್ನು ಅಷ್ಟು ತಟ್ಟಿದ್ದು. ಸಾಲು ಸಾಲು ಮೇಜುಗಳ ಆಫೀಸು, ನಾವು ಕಂಪ್ಯೂಟರ್ ಮುಂದೆ, ಡ್ರಾಯರ್ ಎಳೆದರೆ ತಾತ ಹಿಂದೆಂದೋ ಕೊಟ್ಟ ಕಾಗದ. ಮಾರ್ಚ್ ಕೊನೆಯ ವಾರ ಮೊದಲ ಸಲ ಅದನ್ನು ನೋಡಿದಾಗ ಕಣ್ಣು ತುಂಬಿತ್ತು.

ಅದರಲ್ಲಿ ಸೇವ್ ಆಗೋದು ದಿನ ಮುಗಿಸಿ ಮಲಗಿದಾಗ. ಬೆಳಗ್ಗೆ ಆರಕ್ಕೆ ಎದ್ದು ರಾತ್ರಿ ಎರಡರವರೆಗಿನ ಒಂದು ದಿನ ನಮ್ಮ ಗಡಿಯಾರದಲ್ಲಿ ಸುಮಾರು 14 ನಿಮಿಷ. ಹದಿನಾಲ್ಕು ನಿಮಿಷ ಯಾರಿಗಾದರೂ ಸಿಗುತ್ತೆ, ಯಾರನ್ನಾದರೂ ಅಷ್ಟು ಹೊತ್ತು ಕಾಯಿಸಬಹುದು. ಈಗ ಭಾನುವಾರ ಬೆಳಗ್ಗೆ ಮಗಳೂ ಆಡ್ತಾಳೆ. ಮೂಲಂಗಿ ಹಾಕಿದ್ದಾಳೆ, ಕೋಳಿ ಸಾಕಿದ್ದಾಳೆ, ಕೋಳಿಗೆ ಅಜ್ಜಿಯ ಹೆಸರು. ಎಣ್ಣೆ ಹಚ್ಚಿ ನೀರು ಹಾಕೋಕೆ ಕರೆದರೆ, 'ಅಮ್ಮಾ, ದಿನ ಮುಗೀಲಿ' ಅಂತಾಳೆ. ನಾನು ಹತ್ತಿರ ಹೋಗಿ ಪರದೆಯ ಮೂಲೆಯಲ್ಲಿ ಗಂಟೆ ನೋಡ್ತೀನಿ. ಸಂಜೆ ಏಳೂವರೆ ಆಗಿರುತ್ತೆ. ಇನ್ನು ನಾಲ್ಕೈದು ನಿಮಿಷ. ಒಲೆ ಮೇಲೆ ನೀರು ಕಾಯ್ತಿರುತ್ತೆ, ಕಾಯಲಿ. 'ಕೋಳಿಗೂಡಿನ ಬಾಗಿಲು ಹಾಕಿ, ಮಲಗಿಸಿ ಬಾ' ಅಂತೀನಿ.