ಜೀರುಂಡೆ ಆಫ್ ಮಾಡಿ ಸ್ವಾಮಿ

ಕೊಡಗಿನಲ್ಲಿ ಈಗ ರಸ್ತೆ ಬದಿಯ ಯಾವ ಬೋರ್ಡು ಓದಿದರೂ ‘ಪ್ರಶಾಂತ ವಾತಾವರಣ’ ಅಂತ ಇರುತ್ತದೆ. ಅದರ ಕೆಳಗೇ, ಇನ್ನೂ ದಪ್ಪ ಅಕ್ಷರದಲ್ಲಿ, ‘ಡಿಜೆ, ರೇನ್ ಡ್ಯಾನ್ಸ್, ಕ್ಯಾಂಪ್ ಫೈರ್’. ಎರಡನ್ನೂ ಒಬ್ಬನೇ ಪೇಂಟರ್ ಬರೆದಿರುತ್ತಾನೆ, ಒಬ್ಬನೇ ಗಿರಾಕಿ ಓದಿರುತ್ತಾನೆ. ಇಬ್ಬರಿಗೂ ಏನೂ ಅನ್ನಿಸಿರುವುದಿಲ್ಲ.

ನಮ್ಮ ಭಾವನದ್ದು ಮಡಿಕೇರಿ ಹತ್ತಿರದ ಗಾಳಿಬೀಡು ಕಡೆ ಒಂದು ಸಣ್ಣ ಹೋಟೆಲು. ಐದು ರೂಮು, ಸುತ್ತ ಅಕ್ಕ ಬೆಳೆಸಿದ ಹೂತೋಟ, ಅದರಾಚೆ ಕಾಫಿ, ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ರೂಮಿಗೆ ಎರಡು ಸಾವಿರ. ಬೆಳಗಿನ ಅಕ್ಕಿ ರೊಟ್ಟಿ, ಎಳ್ಳು ಪಜ್ಜಿ ಅದರಲ್ಲೇ ಬಂತು. ಪಂದಿ ಕರಿ ಬೇಕಾದರೆ ಬೇರೆ ಬಿಲ್ಲು. ಪೂಲ್ ಇಲ್ಲ, ಟಿವಿ ಇಲ್ಲ. ಸದ್ದಿಲ್ಲದ ಜಾಗ ಬೇಕು ಅಂತ ಬೆಂಗಳೂರಿನಿಂದ ರಾತ್ರಿಯೆಲ್ಲ ಕಾರು ಓಡಿಸಿಕೊಂಡು ಬರುವವರಿಗೆ ಇನ್ನೇನು ಬೇಕು?

ಏನು ಬೇಕು ಅಂತ ರಾತ್ರಿ ಹತ್ತೂವರೆಗೆ ಮೂರನೇ ರೂಮಿನಿಂದ ಫೋನು ಬಂತು.

“ಸರ್, ಗಾರ್ಡನ್ನಲ್ಲಿ ಏನೋ ಮೆಷಿನ್ ಓಡ್ತಿದೆ. ಸ್ವಲ್ಪ ಆಫ್ ಮಾಡಿಸ್ತೀರಾ?”

ಭಾವ ಟಾರ್ಚ್ ಹಿಡಿದು ಹೊರಗೆ ಬಂದು ಕಿವಿಗೊಟ್ಟರು. “ಅದು ಜೀರುಂಡೆ ಸರ್.”

“ಇರಬಹುದು. ಎಷ್ಟೊತ್ತಿಗೆ ಆಫ್ ಆಗುತ್ತೆ?”

ಎಸಿ ಇಲ್ಲ ಅನ್ನುವ ದೂರೂ ಇತ್ತು, ಅದೂ ಡಿಸೆಂಬರಿನಲ್ಲಿ. ಭೂಗೋಳದ ಪುಸ್ತಕದಲ್ಲಿ ಕೊಡಗು ಉಷ್ಣವಲಯವೇ ಇರಬಹುದು. ಆದರೆ ಮಡಿಕೇರಿ ಇರುವುದು ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲೆ. ಇಲ್ಲಿ ಆ ತಿಂಗಳು ಎರಡು ರಗ್ಗು ಹೊದ್ದರೂ ಕಾಲು ಬೆಚ್ಚಗಾಗುವುದಿಲ್ಲ. ಮತ್ತೊಬ್ಬರಿಗೆ ಫೋಟೋದಲ್ಲಿದ್ದ ಬಿಳಿ ಕಾಫಿ ಹೂವು ಕಾಣಲಿಲ್ಲ ಅಂತ ಬೇಸರ. ಕಾಫಿ ಅರಳಿಸುವ ಹೂಮಳೆ ಬೀಳಬೇಕು, ಅದು ಮಾರ್ಚ್ ಹೊತ್ತಿಗೆ, ಈಗ ಇರುವುದು ಹಣ್ಣು ಅಂದರೆ, “ಬುಕ್ ಮಾಡುವಾಗಲೇ ಹೇಳಬೇಕಿತ್ತು.” ಮಾಂದಲ್‌ಪಟ್ಟಿಗೆ ಜೀಪಿನಲ್ಲಿ ಮಂಜು ನೋಡಲು ಹೋದವರು ವಾಪಸ್ ಬಂದು, ಮಂಜಿನಿಂದಾಗಿ ಏನೂ ಕಾಣಲಿಲ್ಲ ಅಂದರು.

ಕೊನೆಗೆ ರೇಟಿಂಗ್ ಬಂತು. ಒಂದು ಸ್ಟಾರು. ಕಾರಣ: ‘ತುಂಬಾ ಸೈಲೆಂಟ್. ಮಾಡೋಕೆ ಏನೂ ಇಲ್ಲ.’

“ನೀನೇ ಹೇಳು ಮಾರಾಯ, ಸುಮ್ಮನೆ ಕೂರುವುದಕ್ಕೆ ನಾನು ಏನು ಸಾಮಾನು ತರಿಸಲಿ?” ಅಂದರು ಭಾವ. ಆದರೆ ತರಿಸಿದರು. ಹೃದಯದಾಕಾರದ ಕಬ್ಬಿಣದ ಕಮಾನು, ಸೀರಿಯಲ್ ಸೆಟ್ಟು, ಮಂಚದಷ್ಟೆತ್ತರದ ಸ್ಪೀಕರು. ಇವೆಲ್ಲ ಎಲ್ಲ ಕಡೆ ಉಂಟು, ಬಿಡಿ. ನನಗೆ ನಿಜಕ್ಕೂ ಮಾತು ಹೊರಡದಂತೆ ಮಾಡಿದ್ದು ಹುಲ್ಲು. ಅಕ್ಕನ ಡೇಲಿಯಾ ಪಾತಿ ಕಿತ್ತುಹಾಕಿ ಅಲ್ಲಿ ಹಸಿರು ಪ್ಲಾಸ್ಟಿಕ್ ಹುಲ್ಲು ಹಾಸಿದ್ದಾರೆ. ಮಳೆಗಾಲದಲ್ಲಿ ಹಂಚಿನ ಮೇಲೂ ಹುಲ್ಲು ಹುಟ್ಟುವ ಊರಿದು. ತೋಟದ ಕಳೆ ತೆಗೆಸಲು ಆಳು ಸಿಗದೆ ಬೆಳೆಗಾರರು ಒದ್ದಾಡುವ ಜಿಲ್ಲೆ. ಅಲ್ಲಿಗೆ ಹುಲ್ಲು ಲಾರಿಯಲ್ಲಿ ಬಂತು, ಚದರಡಿ ಲೆಕ್ಕದಲ್ಲಿ. ಈ ಜೂನಿನಲ್ಲಿ ನೋಡಿದರೆ ಪ್ಲಾಸ್ಟಿಕ್ಕಿನ ಸಂದಿಯಿಂದ ಅಸಲಿ ಹುಲ್ಲು ತಲೆಯೆತ್ತಿದೆ. ನಕಲಿಯ ಅಂದ ಕೆಡಬಾರದಲ್ಲ? ಅದನ್ನು ಕೀಳಲು ದಿನಗೂಲಿಗೆ ಒಬ್ಬರನ್ನು ಇಟ್ಟುಕೊಂಡಿದ್ದಾರೆ.

ಈಗ ರೂಮಿಗೆ ನಾಲ್ಕೂವರೆ ಸಾವಿರ, ಸ್ಟಾರುಗಳೂ ನಾಲ್ಕೂವರೆ. ಮೊನ್ನೆ ಒಬ್ಬರು ಸ್ಪೀಕರ್ ಪಕ್ಕ ನಿಂತು ನನ್ನ ಕಿವಿಯಲ್ಲಿ ಕೂಗಿ ಹೇಳಿದರು: “ಕೊಡಗು ಮೊದಲಿನ ಹಾಗಿಲ್ಲ ಬಾಸ್, ಹಾಳಾಗೋಯ್ತು.” ಹೌದು ಅಂದೆ. ಅವರಿಗೆ ಕೇಳಿಸಲಿಲ್ಲ.

ಕಾನೂನು ಇಲ್ಲವೇ ಅಂದರೆ, ಇದೆ. ಶಬ್ದ ಮಾಲಿನ್ಯ ನಿಯಮ 2000ನೇ ಇಸವಿಯಲ್ಲೇ ಬಂದಿದೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬಲ್. ನಮ್ಮ ಜೀರುಂಡೆಗಳು ಒಟ್ಟಾಗಿ ಶುರುಮಾಡಿದರೆ ಅದನ್ನು ಮೀರುತ್ತವೋ ಏನೋ. ಮೂರನೇ ರೂಮಿನವರು ಕೇಸು ಹಾಕಿದ್ದರೆ ಗೆಲ್ಲುತ್ತಿದ್ದರು.

ಅದೇ ನಿಯಮದಲ್ಲಿ ಇನ್ನೊಂದು ಅನುಕೂಲವೂ ಉಂಟು: ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ಮೈಕಿಗೆ ವಿನಾಯಿತಿ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಅದರಲ್ಲೊಂದು ದಿನವನ್ನು ‘ಕೊಡಗು ಮೌನೋತ್ಸವ’ಕ್ಕೆ ಮೀಸಲಿಡಲಿ ಅನ್ನುವುದು ನನ್ನ ಸಲಹೆ. ಪಟಾಕಿಯೊಂದಿಗೆ ಉದ್ಘಾಟನೆ. ಗಣ್ಯರಿಂದ ಮೌನದ ಕುರಿತು ಭಾಷಣ, ತಲಾ ಇಪ್ಪತ್ತೇ ನಿಮಿಷ. ಒಂದು ನಿಮಿಷದ ಮೌನಾಚರಣೆಯೂ ಇರಲಿ. ಆ ಹೊತ್ತಿನಲ್ಲಿ ಅದರ ಮಹತ್ವವನ್ನು ನಿರೂಪಕರು ಮೈಕಿನಲ್ಲಿ ವಿವರಿಸುತ್ತಿರಲಿ. ಕರೆಂಟು ಹೋದರೆ ಜನರೇಟರು ನಮ್ಮ ಭಾವನದ್ದು. ಡೀಸೆಲ್ ಮಾತ್ರ ಸಮಿತಿಯವರೇ ಹಾಕಿಸಬೇಕಂತೆ.