ಪ್ರೋಗ್ರಾಂ ಬರೆದವರ ಹೆಸರೂ ಹಾಕಿ
ಅಮೆರಿಕದ ಮೊದಮೊದಲ ಎಲೆಕ್ಟ್ರಾನಿಕ್ ಕಂಪ್ಯೂಟರ್ ಎನಿಯಾಕ್ ಬಗ್ಗೆ ನೀವು ಹಾಕಿದ ಲೇಖನ ಓದಿದೆ. ಅದರಲ್ಲಿ ಯಂತ್ರ ಕಟ್ಟಿದ ಮಾಕ್ಲಿ, ಎಕರ್ಟ್ ಇಬ್ಬರ ಹೆಸರೂ ಇದೆ. ಆ ಯಂತ್ರಕ್ಕೆ ಪ್ರೋಗ್ರಾಂ ಮಾಡಿದ ಆರು ಜನ ಹೆಂಗಸರ ಹೆಸರು ಮಾತ್ರ ಇಲ್ಲ. ಅದಕ್ಕೂ ಮೊದಲು ಫಿರಂಗಿ ಗುಂಡು ಸಾಗುವ ದಾರಿಯ ಲೆಕ್ಕ ಹಾಕುತ್ತಿದ್ದವರು ಅವರು. ಆ ಹುದ್ದೆಗೇ ಆಗ ‘ಕಂಪ್ಯೂಟರ್’ ಅನ್ನುತ್ತಿದ್ದರು, ತಮಾಷೆ ಅಲ್ವಾ? ಕೈಪಿಡಿ ಇರಲಿಲ್ಲ. ಯಂತ್ರದ ನಕ್ಷೆ ನೋಡಿಯೇ ಕಲಿತರು. ಕೇಬಲ್ ಸಿಕ್ಕಿಸಿ, ಸ್ವಿಚ್ ತಿರುಗಿಸಿ ಲೆಕ್ಕ ಕೂರಿಸಿದರು. 1946ರ ಫೆಬ್ರವರಿಯಲ್ಲಿ ಯಂತ್ರದ ಪ್ರದರ್ಶನ ಗೆದ್ದಿತು. ಆವತ್ತಿನ ರಾತ್ರಿ ಊಟಕ್ಕೆ ಇವರನ್ನು ಕರೆಯಲೇ ಇಲ್ಲ.

ನಾನು ಗಣಿತದ ಬಿಎಸ್ಸಿ ಮಾಡಿ, ಸಾಫ್ಟ್‌ವೇರ್ ಟೆಸ್ಟಿಂಗ್ ಮೂಲಕ ಕೋಡಿಂಗಿಗೆ ಬಂದವಳು. ಮೊದಲ ಸಂದರ್ಶನದಲ್ಲಿ ಜಾಸ್ತಿ ಕೇಳಿದ್ದು ಮದುವೆ ಯಾವಾಗ ಅಂತ. ಹಾಳೆಯಲ್ಲಿ ಬರೆದುಕೊಟ್ಟ ಲೂಪನ್ನು, ಅಂದರೆ ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಕೋಡನ್ನು, ಅವರು ತಿರುಗಿಸಿಯೂ ನೋಡಲಿಲ್ಲ.